ಚಕ್ರಪಾಣಿಗಳು

ತುಮಕೂರಿನ ಬಿ.ಎಚ್. ರಸ್ತೆಯ ಕಲ್ಯಾಣಮಂಟಪಗಳಲ್ಲೊಂದರ ಮುಂದೆ, ಒಳಗೆ ಧಾರೆಯ ಮುಹೂರ್ತವು ಸಮೀಪಿಸಿ ಓಲಗದವರು ಗಟ್ಟಿಮೇಳಕ್ಕೆ ಸಿದ್ಧರಾಗುತ್ತಿರುವ ಹೊತ್ತಿನಲ್ಲಿ, ವರನನ್ನು ಕರೆತಂದ ಹೂವಿನ ಕಾರಿನ ಹಿಂಚಕ್ರದ ಬಳಿ ಜರಿಪಂಚೆಯನ್ನು ಮಂಡಿಯ ಮೇಲಕ್ಕೆ ಸೆಳೆದುಕೊಂಡು ಕುಕ್ಕರಗಾಲಿನಲ್ಲಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ರಬ್ಬರಿನ ಮೇಲಣ ಅಕ್ಷರಗಳನ್ನು ಬೆರಳಿನಿಂದ ತಡವಿ ಓದುತ್ತಿರುವ ಮಧ್ಯವಯಸ್ಕ ಮಹನೀಯರೊಬ್ಬರು ನಿಮ್ಮ ಕಣ್ಣಿಗೆ ಬಿದ್ದರೆ, ಅವರ ಉಂಗುರವೋ ಸರವೋ ಬಿದ್ದುಹೋಗಿರಬೇಕೆಂದು ಕನಿಕರಗೊಂಡು ಹುಡುಕಲು ನೆರವಾಗಹೋಗಬೇಡಿರಿ. ಟೈರಿನ ಪಾರ್ಶ್ವದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಅವರು ಅರಸುತ್ತಿರುವರು. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ಜನಿಸಿದ ಟೈರೆಂದು ತಿಳಿದು, ವಯಸ್ಸನ್ನು ಗಣಿಸಿ, ತಲೆಯಾಡಿಸಿ, ಒಳಗೆ ಬಂದು ಅಕ್ಷತೆಯನ್ನು ಹಾಕುತ್ತಲೇ ವಧುವಿನ ತಂದೆಯ ಕಿವಿಯಲ್ಲಿ, "ಹುಡುಗ ಒಳ್ಳೆಯವನೇ ಇರಬಹುದು ಸ್ವಾಮಿ, ಆದರೆ ಸಂಜೆ ಆ ಕಾರಿನಲ್ಲಿ ಮಾತ್ರ ಮಗಳನ್ನು ಕಳಿಸಬೇಡಿ" ಎಂದು ಹೇಳಿಬಿಡುವರು.

ಇಂಥವರನ್ನು ನಾನು ಚಕ್ರಪಾಣಿಗಳೆಂದು ಕರೆಯುತ್ತೇನೆ. ಹಿಂದಿನ ಕಾಲದಲ್ಲಿ ಈ ಕುಲವು ನಮ್ಮ ಕಡೆ ಇರಲಿಲ್ಲ. ಅಂಗಡಿಯವನು ಕೊಟ್ಟ ಟೈರನ್ನು ಹಾಕಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಬಟನ್ ಸವೆದು ಒಳಗಿನ ನೂಲು ಕಾಣುವವರೆಗೆ ಓಡಿಸಿ, ಆಮೇಲೆ ರಿಟ್ರೆಡ್ ಮಾಡಿಸಿ ಮತ್ತೆ ಓಡಿಸುತ್ತಿದ್ದ ಹಿರಿಯರಿಗೆ ಆಯ್ಕೆಯೆಂಬ ಕ್ಲೇಶವೇ ತಿಳಿದಿರಲಿಲ್ಲ. ನನಗೆ ನಿಕಟವಾಗಿ ಪರಿಚಿತರಾದ ಚಕ್ರಪಾಣಿಗಳು ಗುಬ್ಬಿಯ ಕಡೆಯ ತೆಂಗು ಅಡಕೆಗಳ ತೋಟವಂತರು. ಮಕ್ಕಳ ವಿದ್ಯಾಭ್ಯಾಸದ ನಿಮಿತ್ತ ತುಮಕೂರಿನಲ್ಲಿ ಮನೆ ಮಾಡಿದವರು. ಹೆಣ್ಣು ತಂದದ್ದು ಕುಣಿಗಲಿನಿಂದ. ಈ ಮೂರೂರುಗಳ ನಡುವಣ ಸಂಚಾರಕ್ಕೆ ಒಂದು ಜೀಪು ಸಾಕಾಗಿದ್ದಿತು. ಆದರೆ ಸ್ಯಾನ್ ಸ್ಟಾರ್ಮ್ ಎಂಬ ಹೆಸರಿನಿಂದ 1998ರ ಸುಮಾರಿಗೆ ನಮ್ಮ ದೇಶದಲ್ಲಿಯೇ ತಯಾರಾಗಿ ಬಂದ, ಫೈಬರ್ ಮೈಯ, ಎರಡೇ ಆಸನಗಳ, ಮಡಿಸುವ ಛಾವಣಿಯ, ರೆನೋ ಎಂಜಿನ್ನಿನ ಕಾರೊಂದನ್ನು ಅವರು ಯಾರಿಂದಲೋ ಹಳೆಯದಾಗಿ ಕೊಂಡುತಂದ ದಿನದಿಂದ ಅವರ ಚಿತ್ತಶಾಂತಿಯು ಹೊರಟುಹೋಯಿತು. ಇಂಗ್ಲೆಂಡಿನ ಲೋಟಸ್ ಕಾರುಗಳ ಜನಕನಾದ ಕಾಲಿನ್ ಚಾಪ್‌ಮನ್ನನು ಬಲವನ್ನು ಹೆಚ್ಚಿಸುವುದಕ್ಕಿಂತ ಭಾರವನ್ನು ಇಳಿಸುವುದೇ ಪರಮಧರ್ಮವೆಂದು ನಂಬಿದ್ದವನಷ್ಟೆ. ಆ ಧರ್ಮಕ್ಕೆ ನಮ್ಮವರು ಗುಬ್ಬಿ ತಾಲ್ಲೂಕಿನ ಏಕೈಕ ಅನುಯಾಯಿಗಳು. ಕಾರಿನಿಂದ ಸ್ಟೆಪ್ನಿಯನ್ನು ಇಳಿಸಿದರು, ಜಾಕನ್ನು ಇಳಿಸಿದರು, ಕಾಲೊರೆಸುವ ಮ್ಯಾಟನ್ನೂ ಇಳಿಸಿದರು. ಡ್ಯಾಶ್‌ಬೋರ್ಡಿನ ಮೇಲಣ ಹಿತ್ತಾಳೆಯ ಗಣಪತಿಯನ್ನು ತಕ್ಕಡಿಯಲ್ಲಿಟ್ಟು ತೂಗಿ, ಬಹಳ ಹೊತ್ತು ಆಲೋಚಿಸಿ, ಕಡೆಗೆ ಸ್ಟಿಕ್ಕರಿನ ಗಣಪತಿಯನ್ನು ಪ್ರತಿಷ್ಠಾಪಿಸಿದರು.

ಈ ಬಂಡಿಯನ್ನು ಅವರು ಬೀದಿಯಲ್ಲಿಯೂ ಓಡಿಸಬೇಕು, ಟ್ರ್ಯಾಕಿನಲ್ಲಿಯೂ ಓಡಿಸಬೇಕು. ಟ್ರ್ಯಾಕೆಂಬುದು ತುಮಕೂರಿನಲ್ಲಿಲ್ಲ. ಒಂದು ಇರುವುದು ಮದರಾಸಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ, 1990ರಲ್ಲಿ ಸಿದ್ಧವಾದದ್ದು, ಸುತ್ತಳತೆ ಸುಮಾರು 3.7 ಕಿಲೋಮೀಟರು, ಇನ್ನೊಂದು ಕೊಯಮತ್ತೂರಿನ ಹೊರಗಿನ ಕರಿ ಮೋಟಾರ್ ಸ್ಪೀಡ್‌ವೇ, ಅದು ಸುಮಾರು 2.1 ಕಿಲೋಮೀಟರು. ಇವುಗಳಲ್ಲಿ ಯಾವುದಕ್ಕೆ ಹೋಗಬೇಕಾದರೂ ಬೆಂಗಳೂರನ್ನು ದಾಟಿ ನೂರಾರು ಕಿಲೋಮೀಟರು ಹೆದ್ದಾರಿಯಲ್ಲಿ ಲಾರಿಗಳ ನಡುವೆ ನುಸುಳಿ ಸಾಗಬೇಕು. ಹೀಗಿರುವಲ್ಲಿ ಬೀದಿಗೊಂದು ಜೊತೆ, ಪಂದ್ಯಕ್ಕೊಂದು ಜೊತೆ ಟೈರುಗಳನ್ನು ಇಟ್ಟುಕೊಂಡು ಅಲ್ಲಿ ಹೋಗಿ ಬದಲಾಯಿಸಿಕೊಳ್ಳಬಾರದೆ ಎಂದು ನಾನೊಮ್ಮೆ ಲೌಕಿಕನಂತೆ ಕೇಳಿದುದುಂಟು. ಚಕ್ರಪಾಣಿಗಳು ನನ್ನನ್ನು ಕರುಣೆಯಿಂದ ನೋಡಿದರು. ನಾಲ್ಕು ಟೈರುಗಳನ್ನು ಎರಡು ಆಸನಗಳ ಬಂಡಿಯಲ್ಲಿ ಎಲ್ಲಿ ಇಡುವುದು? ಹಿಂದೆ ಟ್ರೇಲರನ್ನು ಕಟ್ಟಿದರೆ, ಗಣಪತಿಯನ್ನು ಇಳಿಸಿದ ಪುಣ್ಯವೆಲ್ಲ ಏನಾಯಿತು? ಆದುದರಿಂದ ಮನೆಯಿಂದ ಹೊರಡುವುದು, ಪಂದ್ಯಪಥದಲ್ಲಿ ಸುತ್ತುವುದು, ಮಳೆ ಬಂದರೆ ಮಳೆಯಲ್ಲಿಯೇ ಮನೆಗೆ ಮರಳುವುದು, ಇವೆಲ್ಲವೂ ಅದೇ ನಾಲ್ಕು ಟೈರುಗಳ ಮೇಲೆಯೇ ಆಗತಕ್ಕದ್ದು. ಗೃಹಸ್ಥಾಶ್ರಮ ಸನ್ಯಾಸಾಶ್ರಮಗಳೆರಡನ್ನೂ ಒಂದೇ ಪಂಚೆಯಲ್ಲಿ ನಡೆಸಿಕೊಂಡು ಹೋಗಬೇಕೆಂಬ ಈ ಸಂಕಲ್ಪವೇ ಅವರ ಸಕಲ ದುಃಖಕ್ಕೂ, ಸತ್ಯವನ್ನು ಹೇಳುವುದಾದರೆ ಸಕಲ ಸುಖಕ್ಕೂ, ಮೂಲ.

ಹಗುರವಾದ ಬಂಡಿಗೆ ಟೈರನ್ನು ಆರಿಸುವುದು ಸುಲಭವೆಂದು ಪಾಮರರು ತಿಳಿಯುವರು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧ. ಪಂದ್ಯಕ್ಕೆಂದು ಮಾಡಿದ ರಬ್ಬರು ಚೆನ್ನಾಗಿ ಕಾದ ಹೊರತು ನೆಲವನ್ನು ಹಿಡಿಯದು. ಅದು ಕಾಯಬೇಕಾದರೆ ಮೇಲಣ ಭಾರವು ಅದನ್ನು ಒತ್ತಿ, ತಿರುವಿನಲ್ಲಿ ಹೊರಳಿಸಿ, ಮರ್ದಿಸಬೇಕು. ಭಾರವಿಲ್ಲದ ಬಂಡಿಯು ಅದರ ಮೇಲೆ ಎಷ್ಟು ಸುತ್ತಿದರೂ ರಬ್ಬರು ತಣ್ಣಗೆ ಕುಳಿತು ನಿದ್ರಿಸುತ್ತಿರುವುದು. ಆದುದರಿಂದ ಹಗುರ ಕಾರಿಗೆ ಇನ್ನೂ ಮೃದುವಾದ ರಬ್ಬರು ಬೇಕು, ಮಣಿಯುವ ಪಾರ್ಶ್ವ ಬೇಕು, ಹವಾ ಕೆಲವು ಪೌಂಡು ಕಡಮೆ ಬೇಕು, ಅಗಲವೂ ಮಿತಿಯಲ್ಲಿರಬೇಕು. ಆದರೆ ಮೃದುವಾದದ್ದು ಹೆದ್ದಾರಿಯಲ್ಲಿ ಬೇಗ ಸವೆಯುವುದು. ಬಟನ್ ಕಡಮೆಯಿರುವುದರಿಂದ ನಿಂತ ನೀರಿನ ಮೇಲೆ ದೋಣಿಯಾಗುವುದು. ಕಾದು ಆರಿ, ಕಾದು ಆರಿ, ಕೆಲವು ಕಾಲಕ್ಕೆ ಬಟನ್ ಉಳಿದಿರುವಾಗಲೇ ಗಡುಸಾಗುವುದು. ಸವೆತಕ್ಕೆ ಅಮೆರಿಕದವರು ಒಂದು ಅಂಕವನ್ನು ಗೊತ್ತುಮಾಡಿರುವರು. ಅಂಕ ಹಿರಿದಾದಷ್ಟೂ ಆಯುಸ್ಸು ಹೆಚ್ಚು. ನಾಲ್ಕುನೂರರ ಟೈರು ಸಂಸಾರವಂದಿಗರದು. ಇನ್ನೂರರದು ಬೀದಿಯಲ್ಲಿ ಓಡುತ್ತ ಪಂದ್ಯಪಥದ ಕನಸು ಕಾಣುವವರದು. ಈ ಅಂಕವನ್ನು ತಮ್ಮ ಟೈರಿಗೆ ತಾವೇ ಕೊಟ್ಟುಕೊಳ್ಳುವವರು ತಯಾರಕರೇ ಎಂಬುದು ನನಗೆ ವಿನೋದವಾಗಿ ತೋರುವುದು, ಚಕ್ರಪಾಣಿಗಳಿಗೆ ಅದು ರಾತ್ರಿಯ ನಿದ್ರೆಯನ್ನು ಕೆಡಿಸುವ ವಿಷಯ.

ಈ ಶಾಸ್ತ್ರವೆಲ್ಲ ನನಗೆ ಉಪದಿಷ್ಟವಾದದ್ದು ಕ್ಯಾತ್ಸಂದ್ರದಲ್ಲಿ, ತಟ್ಟೆ ಇಡ್ಲಿಯ ಮುಂದೆ. ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವುದು ಅಂಗೈಯಗಲದ ಜಾಗದಲ್ಲಿ ಮಾತ್ರವೆಂದೂ, ಸರ್ವವೂ ಆ ಅಂಗೈಯಗಲದಲ್ಲಿಯೇ ನಿರ್ಣಯವಾಗುವುದೆಂದೂ ಹೇಳುತ್ತ, ಅವರು ಇಡ್ಲಿಯ ನಡುವನ್ನು ಹೆಬ್ಬೆರಳಿನಿಂದ ಒತ್ತಿ, ಅದು ಮೇಲಕ್ಕೆ ಬರುವ ವೇಗವನ್ನು ಗಮನಿಸಿ, "ನೋಡಿ, ಇದು ಕಾದಿರುವಾಗ ಹೀಗೆ, ಆರಿದ ಮೇಲೆ ಒತ್ತಿ ನೋಡಿ, ಆಗ ತಿಳಿಯುತ್ತದೆ" ಎಂದರು. ಆರುವವರೆಗೆ ಕಾಯುವ ವೈಜ್ಞಾನಿಕ ಮನೋಭಾವವು ನನ್ನಲ್ಲಿ ಇರಲಿಲ್ಲ. ಬೆಣ್ಣೆ ಕರಗುತ್ತಿದ್ದಿತು.

ಕುಣಿಗಲಿನ ದಾರಿಯಲ್ಲಿ ಅವರಿಗೆ ಆದ ಪರಾಭವವನ್ನು ಅವರು ತಾವಾಗಿ ಹೇಳುವುದಿಲ್ಲ; ಪಕ್ಕದ ಆಸನದಲ್ಲಿದ್ದ ಅವರ ಪತ್ನಿಯು ಹೇಳಿದುದರಿಂದ ನನಗೆ ತಿಳಿಯಿತು. ಸುಗ್ಗಿಯ ಕಾಲದಲ್ಲಿ ನಮ್ಮ ರೈತರು ಡಾಂಬರು ರಸ್ತೆಯನ್ನೇ ಕಣವಾಗಿ ಮಾಡಿಕೊಂಡು ಹುರುಳಿಯನ್ನೋ ರಾಗಿಯನ್ನೋ ಹರವಿ, ಹೋಗಿಬರುವ ವಾಹನಗಳಿಂದ ಒಕ್ಕಣೆ ಮಾಡಿಸಿಕೊಳ್ಳುವುದು ಎಲ್ಲರಿಗೂ ತಿಳಿದ ಸಂಗತಿ. ಹೆಬ್ಬೂರನ್ನು ದಾಟಿದ ಮೇಲೆ ಒಂದು ಕಡೆ ಹೀಗೆ ಹುರುಳಿಯ ಸೊಪ್ಪು ರಸ್ತೆಯುದ್ದಕ್ಕೂ ಹಾಸಿದ್ದಿತು. ಕಾಯಿಸಲೆಂದು ಅಷ್ಟು ದೂರ ವೇಗವಾಗಿ ಬಂದಿದ್ದ ಮೃದು ರಬ್ಬರಿಗೆ ಕಾಳು ಮೆತ್ತಿಕೊಳ್ಳುವುದೆಂದು ಹೆದರಿ, ಚಕ್ರಪಾಣಿಗಳು ಬಂಡಿಯನ್ನು ನಿಲ್ಲಿಸಿ ಇಳಿದು, ಅಲ್ಲಿ ಕುಳಿತಿದ್ದ ಮುದುಕಿಯನ್ನು ಸ್ವಲ್ಪ ಸೊಪ್ಪನ್ನು ಬದಿಗೆ ಸರಿಸಲಾಗುವುದೇ ಎಂದು ವಿನಯದಿಂದ ಕೇಳಿದರು. ಮುದುಕಿಯು ಎದ್ದು ಬಂದು ಕಾರನ್ನು ಒಂದು ಸುತ್ತು ಹಾಕಿ, ಫೈಬರಿನ ಮೈಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, "ಸರಿಸೋದ್ಯಾಕಪ್ಪಾ, ಮೇಲೇ ಹೋಗು. ಇದರ ಭಾರಕ್ಕೆ ಒಂದು ಕಾಳೂ ಬಿಡೋಕಿಲ್ಲ. ಲಾರಿ ಬಂದಾಗ ನೋಡ್ಕೋತೀವಿ" ಎಂದಳು. ಭಾರವಿಲ್ಲದ ಬಂಡಿಯು ಟೈರಿನಿಂದ ಕೆಲಸ ತೆಗೆಯಲಾರದೆಂಬ ಯಾವ ತತ್ತ್ವವನ್ನು ಅವರು ಇಡ್ಲಿಯ ಮುಂದೆ ಅರ್ಧ ಗಂಟೆ ವಿವರಿಸಿದ್ದರೋ, ಅದನ್ನೇ ಆಕೆಯು ಎರಡು ಮಾತಿನಲ್ಲಿ ಮುಗಿಸಿದಳು. ಹಿಂದಿರುಗುವಾಗ ಮಾವನ ಮನೆಯವರು ಕೊಟ್ಟ ಹಲಸಿನ ಹಣ್ಣುಗಳೂ ರಾಗಿಯ ಚೀಲವೂ ಬಂಡಿಗೇರಿದ್ದರಿಂದ, ಅದೇ ಹುರುಳಿಯ ಮೇಲೆ ಸಾಗಿದಾಗ ಕೆಲವು ಕಾಳುಗಳಾದರೂ ಬಿಟ್ಟಿರಬೇಕು. ಆ ರಾತ್ರಿಯೇ ಅವರು ಹೊಸ ಭಾರಕ್ಕನುಗುಣವಾಗಿ ಹವಾದ ಲೆಕ್ಕವನ್ನು ಮೊದಲಿನಿಂದ ಬರೆದರು.

ಕುಣಿಗಲಿಗೆ ಹೋದವರು ಅಲ್ಲಿನ ಕುದುರೆ ಫಾರಂನ ಬೇಲಿಯ ಬಳಿ ನಿಲ್ಲದೆ ಬರುವುದಿಲ್ಲ. ಟಿಪ್ಪುವಿನ ಕಾಲದ ಅಶ್ವದಳದ ನೆನಪುಳ್ಳ ಆ ಫಾರಂನಲ್ಲಿ ಬೆಳೆದ ಕುದುರೆಗಳು ಜೂಜಿನ ಮೈದಾನಗಳಲ್ಲಿ ಓಡುವವು. ಅಭ್ಯಾಸದ ದಿನಗಳಲ್ಲಿ ಕಬ್ಬಿಣದ ಲಾಳವನ್ನು ತೊಡುವ ಜೂಜುಕುದುರೆಗೆ ಪಂದ್ಯದ ದಿನ ಅದನ್ನು ಕಿತ್ತು ಹಗುರವಾದ ಅಲ್ಯುಮಿನಿಯಂ ಲಾಳವನ್ನು ಹೊಡೆಯುವುದು ಆ ವೃತ್ತಿಯವರ ಹಳೆಯ ಪದ್ಧತಿ. ಎರಡು ಆಶ್ರಮಕ್ಕೆ ಎರಡು ಪಂಚೆ! ಇದನ್ನು ನಾನು ಸೂಚಿಸಿದಾಗ ಚಕ್ರಪಾಣಿಗಳು, ಕುದುರೆಯು ತನ್ನ ಲಾಳವನ್ನು ತಾನೇ ಹೊತ್ತು ಮದರಾಸಿಗೆ ಹೋಗಬೇಕಾಗಿಲ್ಲವಲ್ಲ ಎಂದು ಉತ್ತರಿಸಿದರು, ನ್ಯಾಯವಾದ ಮಾತು. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಬಳಕೆಗೆ ತಂದ ಡನ್ಲಪ್ಪನು ವೃತ್ತಿಯಿಂದ ಪಶುವೈದ್ಯನು, ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನು ಮಾಡಿದವನು, ಎಂಬುದನ್ನು ಅವರಿಂದಲೇ ತಿಳಿದೆನು. ಇನ್ನೊಂದು ಸಂಗತಿಯೂ ಇಲ್ಲಿ ಸ್ಮರಣೀಯ. 1992ರಲ್ಲಿ ಈ ಫಾರಂ ಗುತ್ತಿಗೆಯ ಮೇಲೆ ವಿಜಯ ಮಲ್ಯರ ಕಂಪನಿಯ ವಶಕ್ಕೆ ಬಂದಿತು. ಅದೇ ಮಹಾಶಯರು 2008ರಿಂದ ಫಾರ್ಮುಲಾ ಒನ್ ಪಂದ್ಯಗಳಲ್ಲಿ ತಮ್ಮ ತಂಡವನ್ನು ಓಡಿಸಿದರು. ಅಲ್ಲಿ ಒಣ ನೆಲಕ್ಕೆ ಒಂದು, ತೇವಕ್ಕೆ ಒಂದು, ಸುರಿಮಳೆಗೆ ಒಂದೆಂದು ಟೈರುಗಳ ಭಂಡಾರವೇ ಇರುವುದಲ್ಲದೆ, ಬದಲಾಯಿಸಲು ಆಳುಗಳ ಹಿಂಡೂ ಇರುವುದು. ಚಕ್ರಪಾಣಿಗಳ ಬಳಿ ಇರುವುದು ಇಳಿಸಿಟ್ಟ ಒಂದು ಜಾಕು ಮಾತ್ರ.

ಗುಬ್ಬಿಯ ವಿಷಯವೇ ಬೇರೆ. 1884ರಲ್ಲಿ ಹುಟ್ಟಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿಯು ಕುರುಕ್ಷೇತ್ರ ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನು ರಂಗಕ್ಕೆ ತಂದಿದ್ದನ್ನು ಹಿರಿಯರು ಹೇಳುತ್ತಿದ್ದರು. ಈಗಲೂ ಆ ಸೀಮೆಯ ಹಳ್ಳಿಗಳಲ್ಲಿ ಊರವರೇ ಬಣ್ಣ ಹಚ್ಚಿ, ಬಾಡಿಗೆಯ ಸೀನರಿಯನ್ನು ಕಟ್ಟಿ, ಬೆಳಗಿನ ಜಾವದವರೆಗೂ ಕುರುಕ್ಷೇತ್ರವನ್ನು ಆಡುವರು. ಅಂಥ ನಾಟಕವೊಂದರಲ್ಲಿ ಕರ್ಣನ ರಥದ ಗಾಲಿಯು ನೆಲದಲ್ಲಿ ಹೂತು, ಆತನು ಅಸ್ತ್ರವನ್ನಿಳಿಸಿ ಗಾಲಿಗೆ ಭುಜ ಕೊಟ್ಟು ಹಾರ್ಮೋನಿಯಂ ಮೇಲಣ ದೀರ್ಘ ಶ್ರುತಿಯೊಂದಿಗೆ ವಿಲಪಿಸುತ್ತಿರಲು, ಮುಂದಿನ ಸಾಲಿನಲ್ಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರಲು, ಚಕ್ರಪಾಣಿಗಳು ನನ್ನ ಕಡೆಗೆ ಬಾಗಿ, ಶಾಪವೆಂಬುದೆಲ್ಲ ಕವಿಗಳ ಕಲ್ಪನೆಯೆಂದೂ, ಗಾಲಿಯ ಪಟ್ಟೆಯ ಅಗಲ ಸಾಲದೆ, ಇಡೀ ರಥದ ಭಾರ ಬೆರಳಗಲದಲ್ಲಿ ಕುಳಿತು, ರಕ್ತದಿಂದ ತೊಯ್ದ ಮಣ್ಣಿನಲ್ಲಿ ಇಳಿಯಿತೆಂದೂ, ಶಲ್ಯನಾದರೂ ಹೇಳಬಹುದಾಗಿತ್ತೆಂದೂ ಅಭಿಪ್ರಾಯಪಟ್ಟರು. ನಾಟಕವು ಮುಗಿದ ಮೇಲೆ ಕರ್ಣನ ಪಾತ್ರಧಾರಿಯನ್ನು ಅಭಿನಂದಿಸುವ ನೆಪದಿಂದ ರಂಗದ ಹಿಂದೆ ಹೋಗಿ ಬಂದರು. ಕೇಳಿದ್ದಕ್ಕೆ, ಗಾಲಿಯು ಪ್ಲೈವುಡ್ಡಿನದೆಂದು ಬೇಸರದಿಂದ ಹೇಳಿದರು.

ಅವರಿಗೆ ಜ್ಞಾನ ಸಾಲದೆಂದು ಯಾರೂ ಹೇಳುವಂತಿಲ್ಲ. ಪರರ ಟೈರಿನ ವಿಷಯದಲ್ಲಿ ಅವರಷ್ಟು ಶೀಘ್ರವಾಗಿ, ಅವರಷ್ಟು ಸರಿಯಾಗಿ ನಿರ್ಣಯವನ್ನು ಕೊಡುವವರನ್ನು ನಾನು ಕಂಡಿಲ್ಲ. ಶಾಲಾವ್ಯಾನಿನವರು, ಅಡಕೆ ಮಂಡಿಯ ಟೆಂಪೋದವರು, ಆಟೋದವರು ಅವರನ್ನು ಕೇಳಿ ಹಾಕಿಸಿಕೊಂಡು ಸುಖವಾಗಿರುವರು. ನನ್ನ ಸ್ಕೂಟರಿನ ಹಿಂದಿನ ಟೈರನ್ನು ಅವರು ನಿಂತ ನಿಲುವಿನಲ್ಲಿಯೇ ಆರಿಸಿಕೊಟ್ಟರು. ಅದು ಇಂದಿಗೂ ಮಳೆಯಲ್ಲಿ ಜಾರಿಲ್ಲ. ಸ್ವಂತ ಕಾರಿನ ಪ್ರಶ್ನೆ ಬಂದಾಗ ಮಾತ್ರ, ಮಾಗಿಯ ಚಳಿಯಲ್ಲಿ ರಬ್ಬರು ಕಾಯುವುದಿಲ್ಲ, ಬೇಸಗೆಯಲ್ಲಿ ಮದರಾಸಿನ ಡಾಂಬರು ಅತಿಯಾಗಿ ಕಾಯುವುದು, ಮಳೆಗಾಲದಲ್ಲಿ ಅಗೆದ ರಸ್ತೆಯ ಕಲ್ಲು ಚುಚ್ಚುವುದು, ಎಂದು ಸಂವತ್ಸರದ ಹನ್ನೆರಡು ತಿಂಗಳೂ ಅವರಿಗೆ ಆಷಾಢವಾಗುವುವು.

ಟೈರಂಗಡಿಯವನು ಸಹನಶೀಲನಾದ ಮನುಷ್ಯ. ಇವರ ವಿಚಾರಣೆಯ ಗಾಂಭೀರ್ಯವನ್ನು ನಂಬಿ, ಬೇರೆ ಯಾರೂ ಕೇಳದ ಆ ಸಣ್ಣ ರಿಮ್ಮಿನ ಅಳತೆಯಲ್ಲಿ, ಇವರು ಹೇಳಿದ ಮೃದುತ್ವದಲ್ಲಿಯೇ ನಾಲ್ಕು ಟೈರುಗಳನ್ನು ದೂರದಿಂದ ತರಿಸಿಟ್ಟನು. ಚಕ್ರಪಾಣಿಗಳು ಬಂದು ಉಗುರಿನಿಂದ ಒತ್ತಿದರು, ಮೂಸಿ ನೋಡಿದರು, ಗಡುಸುತನವನ್ನಳೆಯುವ ಯಂತ್ರವನ್ನು ಜೇಬಿನಿಂದ ತೆಗೆದು ನಾಲ್ಕು ಕಡೆ ಇಟ್ಟು ಅಂಕಿಗಳನ್ನು ಬರೆದುಕೊಂಡರು, ಮುಂದಿನ ವಾರ ಹೇಳುವೆನೆಂದರು. ಆ ವಾರವು ಬರುವಷ್ಟರಲ್ಲಿ ಆ ಟೈರುಗಳಿಗೆ ಒಂದು ವರ್ಷ ತುಂಬಿದ್ದಿತು; ಒಂದು ವರ್ಷ ಮೀರಿದ ರಬ್ಬರನ್ನು ಪಂದ್ಯಪಥಕ್ಕೆ ಒಯ್ಯಕೂಡದೆಂಬುದು ಅವರೇ ಮಾಡಿಕೊಂಡ ಕಟ್ಟಳೆ. ಅಂಗಡಿಯವನು ಒಂದು ಮಾತನ್ನೂ ಆಡದೆ ಎರಡನ್ನು ಗುಬ್ಬಿಯ ಕಡೆಯ ರೈತನೊಬ್ಬನ ಒಂಟೆತ್ತಿನ ಗಾಡಿಗೆ ಅಗ್ಗವಾಗಿ ಮಾರಿದನು; ಉಳಿದೆರಡು ಒಂದರ ಮೇಲೊಂದಾಗಿ ಹವಾ ಹಿಡಿಯುವ ಹುಡುಗನಿಗೆ ಪೀಠವಾಗಿವೆ.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ನಾವು ಆ ಗಾಡಿಯನ್ನು ಕಂಡೆವು. ಹುಲ್ಲಿನ ಹೊರೆಯ ಕೆಳಗೆ ಧೂಳಿನಲ್ಲಿ ನಿಂತಿದ್ದ ಆ ಎರಡು ಟೈರುಗಳನ್ನು ಚಕ್ರಪಾಣಿಗಳು ದೂರದಿಂದಲೇ ಗುರುತಿಸಿ ಹತ್ತಿರ ಹೋಗಿ, ಹವಾ ಎಷ್ಟಿದೆಯೆಂದು ಕೇಳಿ, ಭಾರಕ್ಕೆ ಅದು ತಕ್ಕುದಾಗಿದೆಯೆಂದು ಮೆಚ್ಚಿ, ಕಡೆಗೆ ಧ್ವನಿಯನ್ನು ತಗ್ಗಿಸಿ, "ತಿರುವಿನಲ್ಲಿ ಹೇಗೆ ಹಿಡಿಯುತ್ತದೆ?" ಎಂದು ವಿಚಾರಿಸಿದರು.

"ಅದನ್ನ ಎತ್ತನ್ನೇ ಕೇಳ್ಬೇಕು ಬುದ್ಧೀ," ಎಂದನು ರೈತ, ಬೀಡಿಯನ್ನು ಹಚ್ಚುತ್ತ.

ಚಕ್ರಪಾಣಿಗಳು ಎತ್ತಿನ ಕಡೆಗೆ ತಿರುಗಿ, ಈ ಲಾಳವನ್ನು ಕಟ್ಟಿದವರು ಯಾರು, ಕುಣಿಗಲಿನವರೇ, ಕಟ್ಟಿಸಿ ಎಷ್ಟು ವಾರವಾಯಿತು ಎಂದು ಕೇಳತೊಡಗಿದರು.