ಶ್ರೀ ಹರಿಹರೇಶ್ವರ ಸ್ವಾಮಿಗೆ, ಪಿನ್ 577601

ಸ್ವಾಮೀ,

ದಾವಣಗೆರೆಯಿಂದ ನಿನ್ನ ಭಕ್ತ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಬಸ್ಸು ಹತ್ತಿದ್ದರೆ 14 ಕಿಲೋಮೀಟರು, ಎದುರಿಗೇ ಬಂದು ಕೈಮುಗಿಯಬಹುದಿತ್ತು. ಆದರೆ ಹೇಳಬೇಕಾದ್ದು ಅಂಚೆಯ ಸಂಗತಿ, ಅದನ್ನು ಅಂಚೆಯಲ್ಲೇ ಹೇಳುವುದು ಮರ್ಯಾದೆ. ರಿಜಿಸ್ಟರ್ ಮಾಡಿಸೋಣ ಎಂದುಕೊಂಡೆ. ಆದರೆ 2025ರಿಂದ ರಿಜಿಸ್ಟರ್ ಪೋಸ್ಟ್ ಬೇರೆಯಾಗಿ ಇಲ್ಲವೇ ಇಲ್ಲ, ಸ್ಪೀಡ್ ಪೋಸ್ಟಿನಲ್ಲಿ ಐಕ್ಯವಾಗಿದೆ.

ಐಕ್ಯದ ಮಹಿಮೆ ನಿನಗೆ ಹೇಳಿಕೊಡಬೇಕೆ? ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದ ಗುಹಾಸುರನನ್ನು ಮುಗಿಸಲು ನೀವಿಬ್ಬರೂ ಒಂದಾದಿರಿ. ಇಲ್ಲಿ ಎರಡನ್ನು ಒಂದು ಮಾಡಿದ್ದು ಯಾವ ಅಸುರನಿಗಾಗಿ ಎಂದು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಆ ಅಸುರ ತಾವೇ ಇರಬೇಕು ಅಂತ ಅಂಚೆ ನೌಕರರ ಯೂನಿಯನ್ನಿನವರಿಗೆ ಗುಮಾನಿ.

ರಿಜಿಸ್ಟರ್ ಎಂದರೆ ಹೆಸರಿದ್ದವರ ಕೈಗೇ, ಸ್ಪೀಡ್ ಪೋಸ್ಟ್ ಎಂದರೆ ಆ ವಿಳಾಸದಲ್ಲಿ ಸಿಕ್ಕವರ ಕೈಗೆ. ಇದು ಹಳೇ ಲೆಕ್ಕ. ಈಗ ಹೆಸರಿದ್ದವರ ಕೈಗೇ ತಲುಪಬೇಕಾದರೆ 5 ರೂಪಾಯಿ ಮೇಲೆ, ಅದಕ್ಕೆ ಜಿಎಸ್‌ಟಿ ಬೇರೆ. ಕೊಟ್ಟಿದ್ದೇನೆ. ಕೊಟ್ಟ ಮೇಲೆ ಚಿಂತೆ ಹತ್ತಿತು: ಬಲಗಡೆ ಶಿವ, ಎಡಗಡೆ ವಿಷ್ಣು, ಸಹಿ ಹಾಕುವುದು ಯಾವ ಕೈ? ಎರಡು ಸಹಿ ಬಿದ್ದರೆ ಆ ಬಡಪಾಯಿ ಪೋಸ್ಟ್‌ಮನ್ ವಿವರಣೆ ಬರೆದುಕೊಡಬೇಕಾದೀತು.

ವಿಷಯಕ್ಕೆ ಬರುತ್ತೇನೆ. 'ಸ್ವತಂತ್ರ ವಿತರಣಾ ಕೇಂದ್ರ' ಅಂತ ಹೊಸದೊಂದು ಬಂದಿದೆ. ಯಾರಿಂದ ಸ್ವತಂತ್ರ ಎಂದು ವಿಚಾರಿಸಿದೆ. ಪೋಸ್ಟಾಫೀಸಿನಿಂದಂತೆ! ನಾಲ್ಕಾರು ಪೋಸ್ಟಾಫೀಸುಗಳ ಪೋಸ್ಟ್‌ಮನ್‌ಗಳನ್ನು ಎಬ್ಬಿಸಿ ಒಂದು ಕಡೆ ಕೂಡಿಸಿ, ಕಾಗದ, ಪಾರ್ಸೆಲ್ ಎಲ್ಲ ಅಲ್ಲಿಂದಲೇ ಹಂಚಿಸುವುದು. ಪೋಸ್ಟಾಫೀಸಿನಲ್ಲಿ ಕೌಂಟರ್ ಇರುತ್ತದೆ, ಪೋಸ್ಟ್‌ಮನ್ ಇರುವುದಿಲ್ಲ. ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ಉಳಿಸಿಕೊಂಡು ಒಲೆಯನ್ನು ಊರಾಚೆ ಸಾಗಿಸಿದ ಹಾಗೆ. ಬೆಣ್ಣೆದೋಸೆಯ ಊರಿನವರಿಗೆ ಇದರ ರುಚಿ ಬಿಡಿಸಿ ಹೇಳಬೇಕಿಲ್ಲ.

ನ್ಯಾಯವಾಗಿ ಒಂದು ಮಾತು. ಕಾಗದ ಬರೆಯುವುದನ್ನು ಬಿಟ್ಟವರು ನಾವೇ. ಮೊಬೈಲಿನಲ್ಲಿ ಚಪ್ಪಲಿ, ಕುಕ್ಕರು, ಮಗುವಿನ ಸೈಕಲ್ಲು ತರಿಸುವವರೂ ನಾವೇ. ಡೆನ್ಮಾರ್ಕಿನ ಪೋಸ್ಟ್‌ನಾರ್ಡ್ 400 ವರ್ಷದ ಪತ್ರ ಬಟವಾಡೆಯನ್ನು 2025ರ ಕೊನೆಗೆ ನಿಲ್ಲಿಸಿ ಬರೀ ಪಾರ್ಸೆಲ್ ಹಿಡಿದು ಕೂತಿದೆ. ಇಲಾಖೆ ಬದಲಾಗಬಾರದು ಎಂದು ಯೂನಿಯನ್ನೂ ಹೇಳುತ್ತಿಲ್ಲ. ಅವರು ಕೇಳುವುದು ಸಣ್ಣ ಸಣ್ಣ ಪ್ರಶ್ನೆ. ಕೇಂದ್ರದಿಂದ ಬೀಟಿಗೆ ಹೋಗಿ ಬರುವ ಪೆಟ್ರೋಲು ಯಾರದು? ಅಷ್ಟು ಜನಕ್ಕೆ ಕೂರಲು ಬೆಂಚು, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ? ಇವತ್ತು ಶೆಡ್ಡು, ನಾಳೆ ಖಾಸಗಿಯವರಿಗೆ ಟೆಂಡರು ಆಗುವುದಿಲ್ಲ ಎಂದು ಬರೆದುಕೊಡುವವರು ಯಾರು?

ಪೆಟ್ರೋಲಿನ ಮಾತಿಗೆ ನೆನಪಾಯಿತು. ಏಳನೇ ವೇತನ ಆಯೋಗದ ನಂತರ, 2017ರಲ್ಲಿ, ಪೋಸ್ಟ್‌ಮನ್ನಿನ ಸೈಕಲ್ ಭತ್ಯೆಯನ್ನು ಒಂದೇ ಏಟಿಗೆ ದುಪ್ಪಟ್ಟು ಮಾಡಿದರು: ತಿಂಗಳಿಗೆ 90 ಇದ್ದದ್ದು 180. ದಿನಕ್ಕೆ 6 ರೂಪಾಯಿ. ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿಯ ಮಿರ್ಚಿಗೂ ಸಾಲದು. ಕುಕ್ಕರಿನ ಡಬ್ಬ ಅದೇ ಸೈಕಲ್ಲಿನ ಕ್ಯಾರಿಯರ್ ಮೇಲೆ.

ಇನ್ನು ಹಳ್ಳಿಯ ಗ್ರಾಮೀಣ ಡಾಕ್ ಸೇವಕ. ಸ್ವಾಮೀ, ಅವನು ನಿನ್ನ ಕುಲದವನೇ, ಅರ್ಧ ಅದು, ಅರ್ಧ ಇದು. ಅವನದು ಸಿವಿಲ್ ಹುದ್ದೆ ಎಂದು 1977ರಲ್ಲಿ ರಾಜಮ್ಮ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವನು ಸಿವಿಲ್ ಸೇವೆಯ ಹೊರಗಿನವನು ಎಂದು ಇಲಾಖೆಯ ನಿಯಮ ಹೇಳುತ್ತದೆ. ದಿನಕ್ಕೆ 5 ಗಂಟೆ ಮೀರಿ ದುಡಿಸುವಂತಿಲ್ಲ ಎನ್ನುವುದೂ ನಿಯಮವೇ. ಪಾರ್ಸೆಲ್‌ಗೆ ಮಾತ್ರ ಆ ನಿಯಮ ಓದಲು ಬರುವುದಿಲ್ಲ. ಜೀವನಕ್ಕೆ ಬೇರೆ ಆದಾಯ ಇದೆ ಎಂದು ಕೆಲಸಕ್ಕೆ ಸೇರುವಾಗಲೇ ಅವನು ಬರೆದುಕೊಟ್ಟಿರುತ್ತಾನೆ. ಹೊಟ್ಟೆ ತುಂಬಿದವನಿಗೇ ಊಟಕ್ಕೆ ಕರೆ! 2018ರ ಮೇ 22ರಿಂದ ಎರಡು ವಾರಕ್ಕೂ ಹೆಚ್ಚು ಮುಷ್ಕರ ಹೂಡಿದ ಮೇಲೆ ಭತ್ಯೆ ಏರಿತು, 4 ಗಂಟೆಯ ಕೆಲಸಕ್ಕೆ 10 ಸಾವಿರದಿಂದ ಶುರು. ನೀನು ಎರಡು ಅರ್ಧ ಸೇರಿ ಪೂರ್ಣ ದೇವರಾದೆ. ಇವನ ಎರಡು ಅರ್ಧ ಸೇರಿಸಿದರೂ ಒಂದು ಪಿಂಚಣಿ ಆಗುತ್ತಿಲ್ಲ.

ಯೂನಿಯನ್ನಿನ ಮನವಿ ತಲುಪುವುದೂ ಕಷ್ಟವೇ. ರಾಷ್ಟ್ರೀಯ ಅಂಚೆ ನೌಕರರ ಒಕ್ಕೂಟದ ಮಾನ್ಯತೆಯನ್ನು 2023ರ ಏಪ್ರಿಲ್‌ನಲ್ಲಿ ರದ್ದು ಮಾಡಿದರು. ರೈತರ ಹೋರಾಟಕ್ಕೆ ದುಡ್ಡು ಕೊಟ್ಟದ್ದು ಕಾರಣಗಳಲ್ಲೊಂದು. ಪೋಸ್ಟ್‌ಮನ್ ಭಾಷೆಯಲ್ಲಿ ಹೇಳುವುದಾದರೆ, 'ಸ್ವೀಕರಿಸಲು ನಿರಾಕರಿಸಿದ್ದಾರೆ, ಕಳಿಸಿದವರಿಗೆ ವಾಪಸ್.'

ನಮ್ಮ ಎರಡೂ ಊರಿಗೆ 'ಪುನರ್ರಚನೆ' ಹೊಸ ಪದವಲ್ಲ. ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಸೈರನ್ನಿಗೆ ಮನೆಗಳಲ್ಲಿ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಕಮ್ಯುನಿಸ್ಟ್ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು. ನಿನ್ನ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಇತ್ತು, ಅಲ್ಲಿನ ಲೇತ್ ಮಷೀನು ದೇಶವೆಲ್ಲ ತಿರುಗುತ್ತಿತ್ತು. ಮಿಲ್ಲು, ಕಾರ್ಖಾನೆ ಎರಡೂ ಬಾಗಿಲು ಹಾಕಿದವು. ಮುಚ್ಚುವ ಮೊದಲು ಸುಧಾರಣೆಯ ಮಾತು ಎಷ್ಟು ಇಂಪಾಗಿರುತ್ತದೆ ಎಂದು ನಮಗೆ ಗೊತ್ತು.

'ಮಂಡಕ್ಕಿ ಭಟ್ಟಿ ಹಿಂದೆ, ಬೇವಿನ ಮರದ ಪಕ್ಕ, ಮಲ್ಲಮ್ಮನ ಮನೆ' ಎಂದು ಬರೆದ ಕವರನ್ನು ಆ ಹೊಸ ಕೇಂದ್ರದಲ್ಲಿ ಸ್ಕ್ಯಾನರಿಗೆ ತೋರಿಸು ನೋಡೋಣ. ಬೀಟ್ ಪೋಸ್ಟ್‌ಮನ್ ಆದರೆ ಆ ಮಲ್ಲಮ್ಮ ಈಗ ಮಗಳ ಮನೆಯಲ್ಲಿದ್ದಾಳೆ, ಹಿಂದಿನ ಓಣಿ ಎಂದು ನಿಂತ ಕಾಲಲ್ಲೇ ಹೇಳುತ್ತಾನೆ. ಈ ವಿದ್ಯೆಯನ್ನು ಯಾವ ಕೇಂದ್ರಕ್ಕೆ ವರ್ಗ ಮಾಡುತ್ತಾರೋ ನನಗೆ ತಿಳಿಯದು.

ಕಡೆಗೊಂದು ಬೇಡಿಕೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ ನಿನ್ನದು, ವಿಳಾಸ ಇಂದಿಗೂ ಬದಲಾಗಿಲ್ಲ. ಆದರೂ ಪೋಸ್ಟ್‌ಮನ್ ದೂರದಿಂದ ಗಾಡಿ ಹೊಡೆದುಕೊಂಡು ಬರುವಷ್ಟರಲ್ಲಿ ಮಧ್ಯಾಹ್ನದ ಮಂಗಳಾರತಿ ಮುಗಿದು ಬಾಗಿಲು ಹಾಕಿದ್ದರೆ, ಕವರಿನ ಮೇಲೆ 'ಬೀಗ ಹಾಕಿದೆ' ಎಂದು ಬರೆದು ನನಗೇ ತಂದುಕೊಡುತ್ತಾನೆ. ಪೂಜಾರಪ್ಪನಿಗೆ ಹೇಳಿ ಒಂದು ಕದ ತೆರೆಸಿಟ್ಟಿರು. ಹರಿಯ ಕಡೆಯದಾದರೂ ಸರಿ, ಹರನ ಕಡೆಯದಾದರೂ ಸರಿ. ಬಂದವನಿಗೆ ಒಂದು ಚೊಂಬು ನೀರು ಕೊಡಿಸು.

ಇಂತಿ ನಿನ್ನ ಭಕ್ತ,
ದಾವಣಗೆರೆ