ಧ್ಯಾನಕೂಟ ಲಕ್ಷಣ ಸಂಗ್ರಹ (ಸೂತ್ರ, ಭಾಷ್ಯ ಸಹಿತ)

ಪೀಠಿಕೆ: ಅಡುಗೆಗೆ ಮಂಗರಸ, ದನಗಳ ರೋಗಕ್ಕೆ ಕೀರ್ತಿವರ್ಮ ಶಾಸ್ತ್ರ ಬರೆದಿಟ್ಟ ಕನ್ನಡದಲ್ಲಿ, ಕ್ರೈಸ್ತ ಸಭೆಗಳಿಗೆ ಧ್ಯಾನಕೂಟ ನಡೆಸುವವರಿಗೂ ಒಂದು ಶಾಸ್ತ್ರ ಬೇಡವೇ? ವಿಷಯ: ಧ್ಯಾನಕೂಟ ಮತ್ತು ಅದರ ತಮ್ಮನಾದ ಕಾರ್ಯಾಗಾರ. ಪ್ರಯೋಜನ: ಆತ್ಮಕ್ಕೆ ಶಾಂತಿ, ತಪ್ಪಿದರೆ ಒಂದು ಫೈಲು ಮತ್ತು ಪೆನ್ನು. ಅಧಿಕಾರಿಗಳು: ಸಭಾಪಾಲಕರು, ಅತಿಥಿ ಉಪನ್ಯಾಸಕರು, ಕೈಗೆ ಸಿಕ್ಕ ಮೈಕನ್ನು ಬಿಡಲಾರದ ಸಕಲರು.

ಸೂತ್ರ 1: ಗದ್ದಲದಿಂದ ಪಾರಾಗಲು ಗದ್ದಲವನ್ನೇ ಬಸ್ಸಿಗೆ ತುಂಬಿ ಬೇರೆಡೆಗೆ ಒಯ್ಯುವುದು ಧ್ಯಾನಕೂಟ.

ಭಾಷ್ಯ: ಪ್ರಮಾಣ, ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ. ಊಟಕ್ಕೂ ಬಿಡುವಿಲ್ಲದ ಶಿಷ್ಯರನ್ನು ವಿಶ್ರಾಂತಿಗೆಂದು ಯೇಸು ದೋಣಿಯಲ್ಲಿ ನಿರ್ಜನ ಸ್ಥಳಕ್ಕೆ ಕರೆದೊಯ್ದ. ಜನ ದಡದ ಮೇಲೆ ಓಡಿ ಅವರಿಗಿಂತ ಮೊದಲೇ ಅಲ್ಲಿ ಮುಟ್ಟಿದ್ದರು. ಆಹ್ವಾನಿತರು 12, ಉಂಡ ಗಂಡಸರೇ 5,000. ಇದ್ದದ್ದು ಐದು ರೊಟ್ಟಿ, ಎರಡು ಮೀನು. ಮಿಕ್ಕಿದ್ದು 12 ಬುಟ್ಟಿ. ಈ ಲೆಕ್ಕವನ್ನು ನಂಬಿಯೇ ಇಂದಿನ ಊಟದ ಸಮಿತಿಗಳು ಹೆಸರು ಕೊಡದವರನ್ನೂ 'ಬನ್ನಿ, ಪರವಾಗಿಲ್ಲ' ಎನ್ನುವುದು. ಕೋಳಿಸಾರಿನ ವಿಷಯದಲ್ಲಿ ಆ ಅದ್ಭುತ ನಡೆದದ್ದು ಭಾಷ್ಯಕಾರನ ಗಮನಕ್ಕೆ ಬಂದಿಲ್ಲ.

ಸೂತ್ರ 2: ಉಪನ್ಯಾಸದ ಉದ್ದವೂ ನಿದ್ರೆಯ ಆಳವೂ ಜೊತೆಜೊತೆಗೆ ಬೆಳೆಯುತ್ತವೆ.

ಭಾಷ್ಯ: ಅಪೊಸ್ತಲರ ಕೃತ್ಯಗಳು, 20ನೇ ಅಧ್ಯಾಯ. ತ್ರೋವದಲ್ಲಿ ಪೌಲ ಮಧ್ಯರಾತ್ರಿಯವರೆಗೂ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖನೆಂಬ ಯುವಕ ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದ. ಸತ್ತನೆಂದು ಎತ್ತಿದವನಿಗೆ ಜೀವ ಬಂತು. ಪೌಲ ಮೇಲೆ ಹೋಗಿ ಬೆಳಗಿನವರೆಗೆ ಮಾತು ಮುಂದುವರಿಸಿದ.

ಪೂರ್ವಪಕ್ಷ: ಅದು ರಾತ್ರಿಯ ಕಥೆ, ನಮ್ಮ ಉಪನ್ಯಾಸ ಮಧ್ಯಾಹ್ನ ಎರಡು ಗಂಟೆಗೆ.

ಸಮಾಧಾನ: ಆ ಕೇಳುಗರು ಹೊಟ್ಟೆತುಂಬ ತುಪ್ಪದನ್ನ ಉಂಡು ಬಂದವರಲ್ಲ, ಮಾತಾಡುತ್ತಿದ್ದವನೂ ಸಾಕ್ಷಾತ್ ಪೌಲ. ಆದ್ದರಿಂದ ಶಿಬಿರದ ಸಭಾಂಗಣ ನೆಲಮಹಡಿಯಲ್ಲೇ ಇರತಕ್ಕದ್ದು.

ಸೂತ್ರ 3: ಹಂಚಿದರೆ ಗುಂಪು, ಗುಂಪಾದರೆ ವರದಿ.

ಭಾಷ್ಯ: ಈ ವಿದ್ಯೆಯ ಮೂಲಪುರುಷ ಮೋಶೆಯ ಮಾವ ಇತ್ರೋನ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಅಳಿಯನಿಗೆ, ಜನರನ್ನು ಸಾವಿರ, ನೂರು, ಐವತ್ತು, ಹತ್ತರಂತೆ ವಿಂಗಡಿಸಿ ಮುಖಂಡರನ್ನಿಡು ಎಂದ (ವಿಮೋಚನಕಾಂಡ 18). ಸಲಹೆ ಕೊಟ್ಟು ತನ್ನೂರಿಗೆ ಹೋದ. ಶಾಲಿಗೂ ಗ್ರೂಪ್ ಫೋಟೋಗೂ ಕಾದು ನಿಂತನೆಂದು ಎಲ್ಲೂ ಬರೆದಿಲ್ಲ. ಈಗಿನ ಗುಂಪಿಗೆ ಒಂದು ಚಾರ್ಟ್ ಪೇಪರು, ಮಸಿ ಒಣಗಿದ ಸ್ಕೆಚ್ ಪೆನ್ನು, ಅಕ್ಷರ ಚೆನ್ನಾಗಿರುವ ಒಬ್ಬ ಟೀಚರು ಸಾಕು. ನಾಲ್ಕನೇ ಗುಂಪಿನ ವರದಿ ಸರ್ವಕಾಲಕ್ಕೂ ಒಂದೇ: 'ನಾವು ಹೇಳಬೇಕೆಂದದ್ದನ್ನು ಹಿಂದಿನವರೇ ಹೇಳಿಬಿಟ್ಟರು.'

ಸೂತ್ರ 4: ಮೌನವು ವೇಳಾಪಟ್ಟಿಯಲ್ಲಿ ಹುಟ್ಟಿ ಸ್ವಾಗತ ಭಾಷಣದಲ್ಲಿ ಲಯವಾಗುತ್ತದೆ.

ಭಾಷ್ಯ: ಅತಿಥಿ ತಡವಾಗಿ ಬಂದರೆ ಕತ್ತರಿ ಬೀಳುವುದು ಮೌನಕ್ಕೆ. ಪ್ರಾಸ್ತಾವಿಕ, ಪರಿಚಯ, ಹೂಗುಚ್ಛ, ಆಕ್ಷನ್ ಸಾಂಗ್ ಯಾವುದನ್ನೂ ಬಿಡುವಂತಿಲ್ಲ. ಮೌನದ ಪರವಾಗಿ ಬಾಯಿಬಿಡುವ ಸಮಿತಿ ಸದಸ್ಯರಿಲ್ಲ. ಉಳಿದ ಎರಡು ನಿಮಿಷವನ್ನು ಧ್ವನಿವರ್ಧಕದವನು 'ಹಲೋ, ಚೆಕ್' ಎಂದು ಪಾವನಗೊಳಿಸುತ್ತಾನೆ.

ಸಿದ್ಧಾಂತ: ಈ ನಾಲ್ಕೂ ಸೂತ್ರಗಳನ್ನು ಖಂಡಿಸುವವನೊಬ್ಬನಿದ್ದಾನೆ. 1522ರಲ್ಲಿ ಸ್ಪೇನಿನ ಮನ್ರೇಸಾಕ್ಕೆ ಬಂದು ಪ್ರಾರ್ಥನೆಯಲ್ಲಿ ತಿಂಗಳುಗಟ್ಟಲೆ ಕಳೆದ ಇಗ್ನೇಷಿಯಸ್ ಲೊಯೋಲ. ಆತನ 'ಆಧ್ಯಾತ್ಮಿಕ ಸಾಧನೆಗಳು' ಕೈಪಿಡಿಗೆ 1548ರಲ್ಲಿ ಪೋಪ್ ಮೂರನೆಯ ಪೌಲರ ಒಪ್ಪಿಗೆ ದೊರೆಯಿತು. 1922ರಲ್ಲಿ ಹನ್ನೊಂದನೆಯ ಪಯಸ್ ಆತನನ್ನು ಧ್ಯಾನಕೂಟಗಳ ಪಾಲಕ ಸಂತನೆಂದು ಸಾರಿದರು. ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್ ಆತನ ಯೇಸುಸಭೆಯವರದೇ. ಪೂರ್ಣ ಸಾಧನೆ ಸುಮಾರು 30 ದಿನದ್ದು. ಮನೆ, ಕಚೇರಿ ಬಿಟ್ಟುಬರಲಾಗದವರಿಗೆ ಕೈಪಿಡಿಯ 19ನೇ ಟಿಪ್ಪಣಿಯಲ್ಲಿ ಬೇರೆ ದಾರಿ ಇದೆ. ನಡೆಸುವವರಿಗೆ ಆತ ವಿಧಿಸಿದ್ದು ಕಠಿಣ: ಎರಡನೇ ಟಿಪ್ಪಣಿಯ ಪ್ರಕಾರ ವಿವರಣೆ ಚುಟುಕಾಗಿರಬೇಕು, ಏಕೆಂದರೆ ಸಾಧಕ ತಾನೇ ಕಂಡುಕೊಂಡದ್ದರ ರುಚಿ ಹೆಚ್ಚು, ಹದಿನೈದನೆಯದರ ಪ್ರಕಾರ ಮಾರ್ಗದರ್ಶಿ ತಕ್ಕಡಿಯ ಮುಳ್ಳಿನಂತೆ ನಡುವೆ ನಿಂತು, ದೇವರೂ ಸಾಧಕನೂ ನೇರ ವ್ಯವಹರಿಸಲು ಬಿಡಬೇಕು.

ಫಲಶ್ರುತಿ: ಧ್ಯಾನಕೂಟ ನಡೆಸುವವರ ಯೋಗ್ಯತೆ ಅಳೆಯಬೇಕಾದದ್ದು ಅವರು ಆಡಿದ ಮಾತಿನಿಂದಲ್ಲ, ಆಡದೆ ಬಿಟ್ಟದ್ದರಿಂದ. ಆದ್ದರಿಂದ ಸಭೆಯ ಕಾರ್ಯದರ್ಶಿಗಳಲ್ಲಿ ವಿನಂತಿ: ಮುಂದಿನ ಕೂಟದಲ್ಲಿ ಮೌನವನ್ನು ಬೆಳಗ್ಗೆ ಮೊದಲು ಇಡಿ, ಸ್ವಾಗತ ಭಾಷಣವನ್ನು ಕೊನೆಗೆ. ಹೊತ್ತು ಸಾಲದಿದ್ದರೆ ಯಾವುದನ್ನು ಕೈಬಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.