ಗುಲಾಬಿ ಡಿಪಿ, ಹುಲಿ ಡಿಪಿ

ಲೋಂಡಾ ಅಂದರೆ ಕಾಯುವ ಊರು. ಹುಬ್ಬಳ್ಳಿ ಕಡೆಯಿಂದ ಬಂದ ಹಳಿ ಇಲ್ಲಿ ಕವಲೊಡೆದು, ಒಂದು ಖಾನಾಪುರ, ಬೆಳಗಾವಿ ಹಿಡಿದು ಮಿರಜಕ್ಕೆ ಹೋಗುತ್ತದೆ, ಇನ್ನೊಂದು ಕ್ಯಾಸಲ್‌ರಾಕ್ ಘಟ್ಟ ಇಳಿದು ಗೋವೆಗೆ. ಕಾಯುವವರಿಗೆ ಮೊದಲು ಒಂದೇ ಉದ್ಯೋಗವಿತ್ತು. ಬೆಂಚಿನ ಮೇಲೆ ಕೂತು, ಇಳಿದವರು ಹತ್ತಿದವರನ್ನೆಲ್ಲ ನೋಡಿ, ‘ಈಕಿ ಯಾರ ಪೈಕಿರೀ?’ ಎಂದು ಪಕ್ಕದವರನ್ನು ಕೇಳುವುದು. ಈಗ ಅದೇ ಬೆಂಚು, ಅದೇ ಕಣ್ಣು. ಆದರೆ ಕಣ್ಣು ರೈಲಿನ ಮೇಲಿಲ್ಲ, ಡಿಪಿಯ ಮೇಲಿದೆ.

ಈ ಭಾಗದ ಯಾವುದಾದರೂ ಓಣಿಯ ವಾಟ್ಸಾಪ್ ಗುಂಪು ತೆರೆದು, ಮೆಸೇಜು ಓದದೆ ಡಿಪಿಗಳನ್ನಷ್ಟೇ ನೋಡುತ್ತ ಹೋಗಿ. ಗಂಡಸರದು ಬಯಲಾಟದ ಠೀವಿ. ಒಬ್ಬ ಕಪ್ಪು ಕನ್ನಡಕ ಹಾಕಿ ಬೈಕಿಗೆ ಒರಗಿದ್ದಾನೆ. ಇನ್ನೊಬ್ಬನ ಬೆನ್ನ ಹಿಂದೆ ದೂಧಸಾಗರ ಧುಮುಕುತ್ತಿದೆ, ಆದರೆ ಫೋಟೋದ ಮುಕ್ಕಾಲು ಪಾಲು ಅವನೇ. ಮತ್ತೊಬ್ಬ ಯಾರೋ ಮುಖಂಡರ ಜೊತೆಗಿದ್ದಾನೆ. ಮುಖಂಡರ ಮೊಣಕೈ ಮಾತ್ರ ಕಾಣುತ್ತದೆ, ಅಷ್ಟೇ ಸಾಕು. ಅರ್ಧ ಮುಖ ತನ್ನದು, ಅರ್ಧ ಹುಲಿಯದು ಮಾಡಿಸಿಕೊಂಡವನೂ ಒಬ್ಬ ಇದ್ದೇ ಇರುತ್ತಾನೆ. ಇನ್ನು ಹೆಂಗಸರು? ಒಂದು ಗುಲಾಬಿ. ವಿಠ್ಠಲ-ರುಕ್ಮಿಣಿ. ತುಳಸಿಕಟ್ಟೆ. ಮಗನ ಮೊದಲ ಹುಟ್ಟುಹಬ್ಬ. ಮತ್ತೊಂದು ಗುಲಾಬಿ, ಈ ಸಲ ಅದರ ಮೇಲೆ ಇಬ್ಬನಿ. ಮರಾಠಿ, ಕೊಂಕಣಿ, ಕನ್ನಡ, ಉರ್ದು ಎಲ್ಲ ಕೇಳಿಬರುವ ಊರಿದು. ಗುಲಾಬಿಗೆ ಮಾತ್ರ ಭಾಷೆಯ ಹಂಗಿಲ್ಲ. ಗಡಿ ಪ್ರಶ್ನೆ ಬಂದರೆ ಎರಡು ಪಕ್ಷವಾಗುವ ಗಂಡಸರು ‘ನೀ ಫೋಟೋ ಹಾಕಬ್ಯಾಡ’ ಎನ್ನುವ ವಿಷಯಕ್ಕೆ ಬಂದರೆ ಒಂದೇ ಪಕ್ಷ.

‘ಕಾಲ ಚೊಲೋ ಇಲ್ಲ ತಂಗಿ’ ಅನ್ನುತ್ತಾರೆ ಓಣಿಯ ಕಾಕಾ. ಕಾಲವೇನೋ ಚೊಲೋ ಇಲ್ಲ. ಆದರೆ ಅದನ್ನು ಕೆಡಿಸಿದವರು ಯಾರು ಅಂತ ಕೇಳಿದರೆ ಕಾಕಾ ಚಹಾದ ಕಪ್ಪಿನೊಳಗೆ ನೋಡತೊಡಗುತ್ತಾರೆ. ಫೇಸ್‌ಬುಕ್ಕಿನ ಜನಕ 2003ರಲ್ಲಿ, ಇನ್ನೂ ಕಾಲೇಜಿನಲ್ಲಿದ್ದಾಗ ಕಟ್ಟಿದ್ದು ಎಂಥ ಆಟ ಗೊತ್ತೇ? ಓರಗೆಯ ವಿದ್ಯಾರ್ಥಿಗಳ ಫೋಟೋಗಳನ್ನು ಕೇಳದೆ ಎತ್ತಿ, ಜೋಡಿಜೋಡಿಯಾಗಿ ಇಟ್ಟು, ಯಾರು ಚೆಂದ ಅಂತ ಓಟು ಹಾಕಿಸುವ ಆಟ. ಅದೇ ಕಂಪನಿ 2017ರ ಜೂನ್‌ನಲ್ಲಿ, ಪ್ರೊಫೈಲ್ ಫೋಟೋವನ್ನು ಬೇರೆಯವರು ಇಳಿಸಿಕೊಳ್ಳದಂತೆ ತಡೆಯುವ ಗುರಾಣಿಯನ್ನು ಮೊದಲು ನಮ್ಮ ದೇಶಕ್ಕೇ ತಂದಿತು. ಇಲ್ಲಿನ ಹೆಣ್ಣುಮಕ್ಕಳು ಮುಖ ಹಾಕಲು ಅಂಜುತ್ತಾರೆ ಎಂಬುದು ಅಮೆರಿಕದಲ್ಲಿ ಕೂತವರಿಗೂ ತಿಳಿದುಬಿಟ್ಟಿತ್ತು! ಅಂಜಿಕೆ ಸುಳ್ಳೂ ಅಲ್ಲ. ಅದೇ ವರ್ಷ ಉತ್ತರ ಪ್ರದೇಶದ ರೀಚಾರ್ಜ್ ಅಂಗಡಿಗಳಲ್ಲಿ ಹೆಣ್ಣುಮಕ್ಕಳ ಮೊಬೈಲ್ ನಂಬರುಗಳನ್ನು ಮಾರುತ್ತಿದ್ದುದು ಪತ್ರಿಕೆಗಳಲ್ಲಿ ಬಂತು. ರೂಪ ನೋಡಿ ದರ, 50 ರೂಪಾಯಿಯಿಂದ 500ರವರೆಗೆ. ಸಂತೆಯಲ್ಲಿ ಬದನೆಕಾಯಿಗಾದರೂ ಚೌಕಾಶಿ ಇರುತ್ತದೆ.

ಫೋನಿನ ಬೀಗದ ಪುರಾಣ ಬೇರೆಯೇ ಇದೆ. ಯಜಮಾನರ ಫೋನಿಗೆ ಬೆರಳಚ್ಚು, ಪ್ಯಾಟರ್ನ್, ಮೇಲೊಂದು ಆ್ಯಪ್ ಲಾಕ್. ಬ್ಯಾಂಕ್ ಲಾಕರಿಗೂ ಅಷ್ಟು ಕಾವಲಿಲ್ಲ. ವೈನಿಯ ಫೋನಿನ ಪಾಸ್‌ವರ್ಡ್ ಮಾತ್ರ ಅತ್ತೆ, ಮೈದುನ, ಮಗ, ಬಾಜೂ ಮನೆಯ ಮಗು ಎಲ್ಲರಿಗೂ ಬಾಯಿಪಾಠ. ‘ನಮ್ಮೊಳಗ ಮುಚ್ಚಿಡೂದು ಏನೈತಿ’ ಎನ್ನುವ ಯಜಮಾನರು ತಮ್ಮ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ಶೇ. 33.3, ಗಂಡಸರು ಶೇ. 57.1. ಹಾಗೆ ಬಳಸಿದ ಹೆಂಗಸರಲ್ಲಿ ಎಷ್ಟು ಜನರ ಮೆಸೇಜು ಮೊದಲು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೋ, ಅದನ್ನೂ ಕೇಳಬೇಕಿತ್ತು.

ಮತ್ತೆ ‘ಲಾಸ್ಟ್ ಸೀನ್’ ಕಾಯುವ ಪಂಗಡವೊಂದಿದೆ. ‘ರಾತ್ರಿ ಹನ್ನೆರಡಕ್ಕ ಆನ್‌ಲೈನ್ ಇದ್ದಳಂತ, ಯಾರ ಕೂಡ ಮಾತಾಡ್ತಿದ್ಲೋ!’ ಅಯ್ಯಾ ಪುಣ್ಯಾತ್ಮ, ಹನ್ನೆರಡಕ್ಕೆ ಅವಳು ಆನ್‌ಲೈನ್ ಇದ್ದದ್ದು ನಿನಗೆ ಗೊತ್ತಾಗಬೇಕಾದರೆ ನೀನೆಲ್ಲಿದ್ದೆ?

ಕಾಮೆಂಟುಗಳಿಗೆ ಬನ್ನಿ. ಮಳೆಗಾಲದಲ್ಲಿ ರಸ್ತೆ ಕೆಟ್ಟಿದೆ ಎಂದು ಗಂಡಸು ಬರೆದರೆ ‘ಖರೇ ಹೇಳಿದ್ರಿ ಸರ್’, ಕೆಳಗೆ ಹತ್ತು ಹೆಬ್ಬೆರಳು. ಅದನ್ನೇ ಹೆಂಗಸು ಬರೆದರೆ ‘ಅಡಗಿ ಆತೇನ್ರಿ ಅಕ್ಕಾರ?’ ಇಂಥ ಕಾಮೆಂಟು ಹಾಕುವವನ ಸ್ಟೇಟಸ್ಸಿನಲ್ಲಿ ಅಕ್ಟೋಬರ್ ಬಂತೆಂದರೆ ಖಡ್ಗ ಹಿಡಿದ ಕಿತ್ತೂರು ಚೆನ್ನಮ್ಮ! 1824ರಲ್ಲಿ ಇಂಗ್ಲಿಷರನ್ನು ಸೋಲಿಸಿದ ರಾಣಿ ನಮ್ಮ ಜಿಲ್ಲೆಯವಳು, ಅವಳ ಹೆಸರಿನ ಎಕ್ಸ್‌ಪ್ರೆಸ್ಸು ಲೋಂಡಾದ ಮೇಲೇ ಹಾಯುತ್ತದೆ. ಕುದುರೆ ಮೇಲಿನ ಚೆನ್ನಮ್ಮನಿಗೆ ಜೈಕಾರ ಹಾಕುವವನಿಗೆ, ಪಕ್ಕದ ಸೀಟಿನ ಹುಡುಗಿ ಎದುರು ಮಾತಾಡಿದರೆ ತಡೆಯುವುದಿಲ್ಲ.

ನಾಚಿಕೆಯ ಹಂಚಿಕೆಯೂ ಹೀಗೇ. 2023ರ ಜುಲೈನಲ್ಲಿ ನಮ್ಮ ಈ ಘಟ್ಟದಲ್ಲೇ, ಹಳಿ ಮೇಲೆ ನಡೆದು ದೂಧಸಾಗರ ನೋಡಲು ಹೋದ ತರುಣರಿಗೆ ರೈಲ್ವೆ ಪೊಲೀಸರು ಕಿವಿ ಹಿಡಿಸಿ ಬಸ್ಕಿ ಹೊಡೆಸಿದರು. ವಿಡಿಯೋ ದೇಶವೆಲ್ಲ ಓಡಿತು. ಜನ ನಕ್ಕರು, ಅಲ್ಲಿಗೆ ಮುಗಿಯಿತು. ಆ ಸಾಲಿನಲ್ಲಿ ಒಂದೇ ಒಂದು ಹುಡುಗಿಯ ಮುಖ ಕಂಡಿದ್ದರೆ? ಸಂಜೆಯೊಳಗೆ ಆಕೆಯ ಊರು, ಅಪ್ಪನ ಹೆಸರು, ಕಾಲೇಜು ಎಲ್ಲ ಗುಂಪಿಗೆ ಬಂದಿರುತ್ತಿತ್ತು. ‘ಮನಿಯಾಗ ಕೇಳೋರು ಇಲ್ಲೇನು?’ ಎಂಬ ಪ್ರಶ್ನೆಯೂ ಜೊತೆಗೆ.

ಹುಡುಗಿ ಏನೂ ಮಾಡದೆ ಸುಮ್ಮನೆ ನಿಂತಿದ್ದರೂ ಬಿಡುಗಡೆಯಿಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರು ಮೆಟ್ರೋದಲ್ಲಿ ಹೆಣ್ಣುಮಕ್ಕಳ ವಿಡಿಯೋ ಕದ್ದು ತೆಗೆದು ಇನ್‌ಸ್ಟಾಗ್ರಾಂಗೆ ಹಾಕುವ ಖಾತೆಯೊಂದು ಹೊರಬಿತ್ತು. ಅದನ್ನು ಹಿಂಬಾಲಿಸುತ್ತಿದ್ದವರು ಸಾವಿರಾರು. ಪೊಲೀಸರು ಹಿಡಿದದ್ದು ತೆಗೆದವನನ್ನು. ನೋಡಿದ ಸಾವಿರಾರು ಸಭ್ಯರು ಬೆಳಿಗ್ಗೆ ಎದ್ದು ತಮ್ಮ ತಂಗಿಯರಿಗೆ ‘ಮೆಟ್ರೋದಾಗ ಹುಷಾರು’ ಅಂದಿರಬೇಕು. ಜುಲೈನಲ್ಲಿ ಚರ್ಚ್ ಸ್ಟ್ರೀಟಿನಲ್ಲೂ ಇದೇ ಕತೆ; ಅಲ್ಲಿ ವಿಡಿಯೋದಲ್ಲಿದ್ದ ಹುಡುಗಿಯೇ ಮುಂದೆ ಬಂದು ಗದ್ದಲ ಎಬ್ಬಿಸಿದ್ದರಿಂದ ಒಬ್ಬ ಸಿಕ್ಕಿಬಿದ್ದ. ಗುಲಾಬಿ ಹಾಕಿಕೊಂಡು ಕೂತಿದ್ದರೆ ಸಿಗುತ್ತಿರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ದೇಶಕ್ಕೆ ಹೇಳಿಸಿದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಆಧಾರ್ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದವರು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೌದೆಂದರು. ಗಂಡಸಿನ ದಬ್ಬಾಳಿಕೆಗೆ ಖಾಸಗಿತನ ಪರದೆಯಾಗಬಾರದು ಎಂಬ ಮಾತೂ ಆ ತೀರ್ಪಿನಲ್ಲಿದೆ. ಆ ಹಕ್ಕು ರೈಲು ಹತ್ತಿ ಲೋಂಡಾಕ್ಕೂ ಬಂದಿದೆ, ಅನುಮಾನವಿಲ್ಲ. ಆದರೆ ಇಳಿದದ್ದು ಗಂಡಸರ ಕಿಸೆಯೊಳಗೆ.

ಲಾಸ್ಟ್ ಸೀನ್ ಕಾಯುವ ಅಣ್ಣಂದಿರಿಗೆ ಒಂದು ಸುದ್ದಿ ಹೇಳಿ ಎದ್ದುಬಿಡುತ್ತೇನೆ, ಗಾಡಿಯ ಹೊತ್ತಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ, ಹೆಂಗಸೊಬ್ಬಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಟ್ಟು ಕೂರುವುದೂ ಬೆನ್ನಟ್ಟುವ ಅಪರಾಧವೇ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಅಕ್ಕಂದಿರಿಗೂ ಒಂದು ಸುದ್ದಿ: ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ ಮೇಲಿನ ಕೆಲವು ಅಪರಾಧಗಳಿಗೆ ಹೆಸರು ಹೇಳದೆಯೂ ದೂರು ಕೊಡಬಹುದು, ಡಿಪಿಯಲ್ಲಿ ಗುಲಾಬಿ ಇದ್ದರೂ ನಡೆಯುತ್ತದೆ.